ಒಂದು ಗಂಟು ಕೆಂಪು, ಎರಡು ಗಂಟು ಹಸಿರು

"ಓರೆ ಮಾಡ್ರೋ, ಓರೆ! ಎಡಗಡೆಯೋರು ಇನ್ನೊಂಚೂರು ಎತ್ಕೊಳ್ಳಿ," ಎಂದು ಮುನಿಶಾಮಪ್ಪ ಬಾಗಿಲಾಚೆಯಿಂದ ಕೂಗಿದರು.

ನಾಲ್ಕು ಜನ ಹಿಡಿದಿದ್ದ ಮೇಜು ಒಂದು ಗೇಣು ಮೇಲೆದ್ದು ಚೌಕಟ್ಟಿಗೆ ತಾಗಿ ನಿಂತಿತು. ಅದರ ಮೇಲಿದ್ದ ಪುಟ್ಟ ರೈಲ್ವೆ ಸ್ಟೇಷನ್ನಿನ ಎರಡು ಹೆಂಚು ಕಿತ್ತು ನೆಲಕ್ಕೆ ಬಿದ್ದವು. ಕಿರುಬೆರಳಿನ ಉಗುರಿಗಿಂತ ಚಿಕ್ಕ ಹೆಂಚುಗಳು.

"ಆಗಲ್ಲ ದೊಡ್ಡಪ್ಪ," ಎಂದ ನವೀನ್‌ಕುಮಾರ್. ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ನಿಂತೇ ಇದ್ದು ಅವನ ಕಣ್ಣುಗಳು ಊದಿದ್ದವು. "ಅಪ್ಪ ಇದನ್ನ ಒಳಗೇ ಕಟ್ಟಿದ್ದು. ಹೊರಗೆ ಹೋಗೋ ಸಾಮಾನಲ್ಲ ಇದು."

ಜಗಲಿಯ ಬೆಂಚಿನ ಮೇಲೆ ಅಪ್ಪಯ್ಯಣ್ಣನವರ ದೇಹವನ್ನು ಮಲಗಿಸಿದ್ದರು. ದೊಡ್ಡಬಳ್ಳಾಪುರದ ಆಸ್ಪತ್ರೆಯಿಂದ ಬೆಳಿಗ್ಗೆ ಏಳಕ್ಕೆ ತಂದದ್ದು. ಫ್ರೀಜರ್ ಬಾಕ್ಸ್ ತಂದ ವ್ಯಾನಿನವನು ಬೀದಿಯಲ್ಲಿ ಕಾಯುತ್ತಿದ್ದ. ಹಿಂದೂಪುರದಿಂದ ಅವರ ತಂಗಿ ಮುತ್ತಮ್ಮ ಬರುವುದು ಮಧ್ಯಾಹ್ನವಾಗುತ್ತದೆ, ಅಲ್ಲಿಯವರೆಗೆ ದೇಹವನ್ನು ಪೆಟ್ಟಿಗೆಯಲ್ಲಿಡಬೇಕು. ಪೆಟ್ಟಿಗೆ ಇಡಲು ನಡುಮನೆ ಬೇಕು. ನಡುಮನೆಯ ತುಂಬ ಹನ್ನೆರಡಡಿ ಉದ್ದದ ಈ ಮೇಜು. ಅದರ ಮೇಲೆ ಹಳಿ, ಸಿಗ್ನಲ್ಲು, ಕೆರೆ, ಗುಡ್ಡ, ಅಂಗಡಿ ಸಾಲು, ಅಂಗಡಿಗಳ ಮುಂದೆ ಒಂದು ಟ್ರಾಮು.

"ಹಂಗಾದ್ರೆ ಗರಗಸ ತರ್ಸು," ಎಂದರು ಮುನಿಶಾಮಪ್ಪ. ಸತ್ತವರಿಗೆ ಅವರು ಅಣ್ಣ, ಎಪ್ಪತ್ತಾರು ವಯಸ್ಸು, ಹುಟ್ಟೂರು ಮಧುರೆಯಿಂದ ಮೊದಲ ಬಸ್ಸಿಗೇ ಬಂದಿದ್ದರು. "ಮೂರು ತುಂಡು ಮಾಡಿ ಹಿತ್ತಲಿಗೆ ಎಸೀರಿ. ತಮ್ಮನ್ನ ಬಿಸಿಲಲ್ಲಿ ಮಲಗಿಸ್ಕೊಂಡು ಆಟದ ಸಾಮಾನಿಗೆ ಕಾವಲು ಕೂರೋಕಾಗತ್ತಾ?"

ಗಂಡನ ಕಾಲ ಬಳಿ ಕುಳಿತಿದ್ದ ಮುನಿಲಕ್ಷ್ಮಮ್ಮ ಎದ್ದು ಬಂದರು. "ಗರಗಸ ಬೇಡ ಭಾವ."

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಂಡಿ ಊರಿ, ಅವರು ಮೇಜಿನ ಕೆಳಗೆ ತೆವಳಿದರು. ನಿಂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಳಗಿನಿಂದ ಚಿಲಕ ಜಾರಿಸುವ ಸದ್ದು ಕೇಳಿತು. ಒಂದು, ಮತ್ತೊಂದು, ಮತ್ತೊಂದು.

"ನವೀನ, ಮೊದ್ಲು ಕೆರೆ ಎತ್ತು. ಮೆಲ್ಲಗೆ. ಆಮೇಲೆ ಗುಡ್ಡ. ಸ್ಟೇಷನ್ನು ಕೊನೇಗೆ."

ಮಣ್ಣು, ಮರಳು ಅಂಟಿಸಿದ ನೆಲದಲ್ಲಿ ಯಾರಿಗೂ ಕಾಣದಿದ್ದ ಗೆರೆಗಳು ಬಿರಿದವು. ಮೇಜು ಒಂಬತ್ತು ಭಾಗವಾಗಿ ಕಳಚಿಕೊಂಡಿತು. ಪ್ರತಿ ತುಂಡೂ ಬಾಗಿಲಿಗಿಂತ ಎರಡು ಬೆರಳು ಕಡಿಮೆ.

"ಅಮ್ಮ, ನಿಂಗೆ ಇದು ಹೆಂಗೆ ಗೊತ್ತು?" ಎಂದ ನವೀನ್.

"ಟೇಪು ಹಿಡ್ಕೊಂಡಿದ್ದವಳು ನಾನೇ ಅಲ್ವೇನೋ." ಅವರು ಧೂಳು ಕೊಡವಿಕೊಂಡರು.

ತುಂಡುಗಳ ಅಡಿಯಲ್ಲಿ ವೈರುಗಳು ಜೋತಾಡುತ್ತಿದ್ದವು. ಪ್ರತಿ ವೈರಿನ ತುದಿಗೂ ಬಿಳಿ ನೂಲು ಸುತ್ತಿ ಗಂಟು ಹಾಕಿತ್ತು. ಕೆಲವಕ್ಕೆ ಒಂದು ಗಂಟು, ಕೆಲವಕ್ಕೆ ಎರಡು. ಮುನಿಶಾಮಪ್ಪ ಒಂದನ್ನು ಹಿಡಿದು ನೋಡಿದರು. "ಇದೇನಮ್ಮ ಇಷ್ಟೊಂದು ಗಂಟು? ಮಾಟ ಮಾಡಿಸ್ದಂಗೆ."

ಮುನಿಲಕ್ಷ್ಮಮ್ಮ ಭಾವನ ಕೈಯಿಂದ ವೈರನ್ನು ಬಿಡಿಸಿಕೊಂಡು, ಸುರುಳಿ ಸುತ್ತಿ, ತುಂಡಿನೊಳಗೆ ತುರುಕಿದರು.

*

ಮದುವೆಯಾದ ಮೂರನೆಯ ತಿಂಗಳು ಅಪ್ಪಯ್ಯಣ್ಣ ಎಣ್ಣೆ ಡಬ್ಬ ಕತ್ತರಿಸಿ ಒಂದು ಬೋಗಿ ಮಾಡಿದ್ದರು. ಆಗ ಅವರು ವರ್ಕ್‌ಶಾಪೊಂದರಲ್ಲಿ ಟರ್ನರ್. ಚಕ್ರಗಳನ್ನು ಊಟದ ಬಿಡುವಿನಲ್ಲಿ ಅಲ್ಲಿಯ ಲೇತ್ ಯಂತ್ರದಲ್ಲೇ ಕಡೆದುಕೊಂಡಿದ್ದರು. ಒಂದು ಭಾನುವಾರ ಇಡೀ ಹಿತ್ತಲಲ್ಲಿ ಕೂತು ಬಣ್ಣ ಬಳಿದು, ಒಣಗಿದ ಮೇಲೆ ಅಂಗೈಯಲ್ಲಿಟ್ಟುಕೊಂಡು ಒಲೆಯ ಬಳಿ ಬಂದರು.

"ಹೆಂಗಿದೆ? ನಮ್ಮ ಹಿಂದೂಪುರದ ಪ್ಯಾಸೆಂಜರ್."

ಮುನಿಲಕ್ಷ್ಮಮ್ಮನಿಗೆ ಆಗ ಹತ್ತೊಂಬತ್ತು. "ರೈಲು ಎಲ್ಲಾದ್ರೂ ಹಸಿರಿರ್ತದಾ? ಗಿಣಿ ಹಂಗಿದೆ," ಎಂದು ಸೆರಗು ಬಾಯಿಗೆ ಹಿಡಿದು ನಕ್ಕರು. ಆ ಕಾಲದ ಬೋಗಿಗಳೆಲ್ಲ ಕೆಂಪು, ಒಣಗಿದ ಮೆಣಸಿನಕಾಯಿಯ ಕೆಂಪು.

ಅಪ್ಪಯ್ಯಣ್ಣ ನಗಲಿಲ್ಲ. ಬೋಗಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಹಿತ್ತಲಿಗೆ ಹೋಗಿ ಎರಡು ಬಣ್ಣದ ಡಬ್ಬಗಳನ್ನೂ ತಂದು ಮುಂದಿಟ್ಟರು. "ಯಾವುದು ಕೆಂಪು?"

ತಮಾಷೆಯೆಂದುಕೊಂಡು ಆಕೆ ಮುಖ ನೋಡಿದರು. ತಮಾಷೆಯಾಗಿರಲಿಲ್ಲ.

ಆವತ್ತು ಸಂಜೆ ಹಳಿಯ ಪಕ್ಕದ ಕಾಲುದಾರಿಯಲ್ಲಿ ನಡೆಯುತ್ತ ಅವರು ಎಲ್ಲ ಹೇಳಿದರು. ಇಪ್ಪತ್ತೆರಡನೆಯ ವಯಸ್ಸಿಗೆ ರೈಲ್ವೆ ಪರೀಕ್ಷೆ ಪಾಸು ಮಾಡಿದ್ದು. ಮೆಡಿಕಲ್ ತಪಾಸಣೆಗೆ ಬೆಂಗಳೂರಿಗೆ ಹೋದದ್ದು. ಡಾಕ್ಟರು ಒಂದು ಪುಸ್ತಕ ತೆಗೆದದ್ದು, ಅದರ ತುಂಬ ಬಣ್ಣದ ಚುಕ್ಕೆಗಳ ದುಂಡು ಚಿತ್ರ. ಮುಂದಿದ್ದ ಹುಡುಗ ಚುಕ್ಕೆಗಳ ನಡುವೆ ಅಡಗಿದ್ದ ಅಂಕಿಗಳನ್ನು ಪಟಪಟನೆ ಓದಿದ. ಅಪ್ಪಯ್ಯಣ್ಣನಿಗೆ ಬರೀ ಚುಕ್ಕೆಗಳೇ ಕಂಡವು. ಡಾಕ್ಟರು ಕೆಟ್ಟವರಲ್ಲ, ಮೊದಲಿನಿಂದ ಇನ್ನೊಂದು ಸಲ ಹಾಳೆ ತಿರುವಿದರು. ಕಿಟಕಿ ಹತ್ತಿರ ಬಾ ಎಂದರು. ಕೊನೆಗೆ ಪುಸ್ತಕ ಮುಚ್ಚಿ, "ಕೆಂಪು ಹಸಿರು ಗೊತ್ತಾಗದೋನು ರೈಲು ಹತ್ರ ಕೆಲಸ ಮಾಡೋಕಾಗಲ್ಲಪ್ಪ," ಎಂದರು.

"ಮಧುರೆಗೆ ಬಂದ್ರೆ ಅಪ್ಪ ಹೊಸ ಟ್ರಂಕು ತಂದಿಟ್ಟಿತ್ತು. ಮೇಲೆ ನನ್ನ ಹೆಸರು ಬರೆಸಿತ್ತು. ಊರಿಗೆಲ್ಲ ಹೇಳ್ಕೊಂಡು ಬಂದಿತ್ತು, ನನ್ನ ಮಗ ರೈಲ್ವೇಲಿ ಅಂತ."

"ನಿಜ ಹೇಳ್ಬೋದಿತ್ತಲ್ಲ?"

"ಅದೇ ವಾರ ಮುತ್ತುನ ನೋಡೋಕೆ ಹಿಂದೂಪುರದೋರು ಬಂದಿದ್ರು. ಕಣ್ಣಿನ ದೋಷ ವಂಶದಲ್ಲಿ ಬರ್ತದೆ ಅಂತ ಡಾಕ್ಟರೇ ಹೇಳಿದ್ರಲ್ಲ. ಅವರ ಕಿವಿಗೆ ಬಿದ್ದಿದ್ರೆ? ಆ ಕೆಲಸ ನಂಗೆ ಒಗ್ಗಲ್ಲ, ಬಿಟ್ಟು ಬಂದೆ ಅಂದ್ಬಿಟ್ಟೆ." ದಾರಿಗೆ ಉರುಳಿದ್ದ ಜಲ್ಲಿಕಲ್ಲೊಂದನ್ನು ಕಾಲಿನಿಂದ ಸರಿಸಿದರು. "ಅವತ್ತಿಂದ ಅಪ್ಪ ಮಾತಾಡಿಲ್ಲ. ನೀನೂ ಇದನ್ನ ಯಾರಿಗೂ ಹೇಳ್ಬೇಡ. ಮುತ್ತುಗಂತೂ ಹೇಳಲೇಬೇಡ."

ಮರುದಿನ ಗಂಡ ಕೆಲಸಕ್ಕೆ ಹೋದ ಮೇಲೆ ಮುನಿಲಕ್ಷ್ಮಮ್ಮ ಸೀಮೆಎಣ್ಣೆ ಹಾಕಿ ಬೋಗಿಯನ್ನು ಉಜ್ಜಿದರು. ರಂಗೋಲಿ ಎಳೆದು ಪಳಗಿದ ಕೈ. ಸಂಜೆಗೆ ಕೆಂಪು ಬೋಗಿ ಗೂಡಿನಲ್ಲಿ ನಿಂತಿತ್ತು.

"ಈಗ ನಿಮಗೆ ಹೆಂಗೆ ಕಾಣ್ತದೆ?"

"ಬಾಡಿದ ಹುಲ್ಲಿನ ಹಂಗೆ."

"ಹುಲ್ಲೂ ಚೆನ್ನಾಗೇ ಇರ್ತದೆ ಬಿಡಿ," ಎಂದು ಆಕೆ ರೊಟ್ಟಿ ತಟ್ಟಲು ಕುಳಿತರು.

*

ಹನ್ನೊಂದರ ಹೊತ್ತಿಗೆ ಶಾಮಿಯಾನ ಎದ್ದಿತು. ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಲ್ಲಿ ಮೊದಲ ಪಾಳಿಗೆ ಹೋಗಿದ್ದವರು ಒಂದೊಂದು ಗಂಟೆ ಪರ್ಮಿಷನ್ ಹಾಕಿ, ಯೂನಿಫಾರ್ಮಿನಲ್ಲೇ ಬೈಕು ಹತ್ತಿ ಬಂದು ಹಾರ ಹಾಕಿ ಹೋಗುತ್ತಿದ್ದರು. ಅಪ್ಪಯ್ಯಣ್ಣ ಅಲ್ಲಿಯ ಟೂಲ್ ರೂಮಿನಲ್ಲಿ ಇಪ್ಪತ್ತೆಂಟು ವರ್ಷ ಇದ್ದವರು. ಅವರಲ್ಲಿ ಅರ್ಧ ಜನಕ್ಕೆ ಲೇತ್ ಹಿಡಿಯಲು ಕಲಿಸಿದವರು.

ಕುರ್ಚಿಗಳ ಮುಂದಿನ ಸಾಲಿನಲ್ಲಿ ಪಿಳ್ಳಣ್ಣ ಕುಳಿತಿದ್ದರು. ರೈಲ್ವೆ ಗೇಟ್ ಕಾಯುವ ಕೆಲಸದಲ್ಲಿದ್ದು ರಿಟೈರಾದವರು. ಪಕ್ಕದವರು ಕೇಳಲಿ ಬಿಡಲಿ, ಅವರು ಮಾತಾಡುತ್ತಲೇ ಇದ್ದರು.

"ಗೇಟ್ ಹಾಕಿದ್ರೆ ಊರೋರೆಲ್ಲ ನನ್ನ ತಾಯಿ ತಂದೆ ಸೇರ್ಸಿ ಬೈಯೋರು. ಈಯಪ್ಪ ಒಬ್ರು ಲೂನಾ ಆಫ್ ಮಾಡಿ ನಗ್ತಾ ನಿಂತ್ಕೊಳೋರು. ಹಂಗೇ ಪರಿಚಯ ಆಗಿದ್ದು. ಭಾನುವಾರ ಬಂದ್ರೆ ನಮ್ಮಿಬ್ರಿಗೂ ಜಗಳ. ನಾನು, ಸ್ಟೀಮ್ ಇಂಜಿನ್ ಇದ್ದಂಗೆ ಯಾವುದೂ ಇಲ್ಲ ಬಿಡಿ ಅಂತಿದ್ದೆ. ಅವರು, ಬಟ್ಟೆ ಒಗೆದು ಹಳಿ ಪಕ್ಕ ಒಣಗಾಕಿದೋರನ್ನ ಕೇಳು, ಕರೆಂಟ್ ರೈಲೇ ದೇವರು ಅನ್ನೋರು. ಹಳೇದೆಲ್ಲ ಚಿನ್ನ ಅನ್ನೋ ಜನ ಅಲ್ಲ ಅವರು."

"ಮತ್ತೆ ಆ ಟ್ರಾಮು? ಅದೂ ಹಳೇದೇ ಅಲ್ವಾ?" ಎಂದರು ಯಾರೋ.

"ಟ್ರಾಮು ಬೇರೆ ಲೆಕ್ಕ. ಮದ್ರಾಸಿಗೆ ಬಂತು, ಬೊಂಬಾಯಿಗೆ ಬಂತು, ಬೆಂಗಳೂರಿಗೆ ಯಾಕೆ ಬರ್ಲಿಲ್ಲ ಅಂತ ಒಂದೇ ಕೊರಗು ಅವರಿಗೆ. ಅದಕ್ಕೇ ಮೇಜಿನ ಮೇಲೆ ಬರ್ಸಿದ್ರು. ಚಿಕ್ಕಪೇಟೆ ಮಾಡಿ, ಮಧ್ಯದಲ್ಲಿ ಟ್ರಾಮು ಓಡ್ಸಿದ್ರು. ರೈಲು ಜನಾನ ದಾರಿಯಿಂದ ಆಚೆ ಸರಿಸಿ ಓಡ್ತದೆ ಪಿಳ್ಳಣ್ಣ, ಟ್ರಾಮು ಜನದ ಜೊತೆ ನಡೀತದೆ ಅನ್ನೋರು. ಮೆಟ್ರೋನೂ ಒಪ್ಕೊಂಡಿದ್ರು. ಒಂದೇ ತಕರಾರು, ಕಿಟಕಿ ತೆಗೆಯೋಕಾಗಲ್ಲ ಅಂತ." ಪಿಳ್ಳಣ್ಣ ಟವೆಲ್ಲಿನಿಂದ ಮೂಗೊರಸಿಕೊಂಡರು. "ಆ ಟ್ರಾಮು ಕಿಟ್‌ನಲ್ಲಿ ಬಂದಿದ್ದು. ನವೀನ ಆನ್‌ಲೈನ್ ತರಿಸ್ಕೊಟ್ಟಿದ್ದ. ಡಬ್ಬದಲ್ಲಿ ಬಂದಿದ್ದನ್ನ ಜೋಡಿಸೋದು ಏನು ಮಹಾ ಅಂದ್ರೆ, ತುಂಡು ಅವರದು, ತಾಳ್ಮೆ ನಮ್ದು ಅಲ್ವಾ ಅಂದ್ರು. ನಾಲ್ಕು ತಿಂಗಳು ತಗೊಂಡ್ರು."

ಒಳಗೆ ಮುನಿಶಾಮಪ್ಪ ಫೋನಿನಲ್ಲಿ ಮಾತಾಡಿ ಮುಗಿಸಿ ನವೀನ್‌ನನ್ನು ಕರೆದರು. "ಒಂದು ಗಂಟೆಗೆ ಟೆಂಪೋ ಬರ್ತದೆ. ಮಧುರೆ ತೋಟದಲ್ಲಿ ಗುಂಡಿ ತೋಡ್ತಾ ಅವರೆ."

"ಮಧುರೆಗಾ? ಅಮ್ಮ ಇಲ್ಲೇ ಅಂದ್ರು ದೊಡ್ಡಪ್ಪ. ಹಳಿ ಪಕ್ಕದ ರುದ್ರಭೂಮೀಲಿ. ಅಪ್ಪನೂ ಒಂದ್ಸಲ ಹಂಗೇ ಹೇಳಿದ್ರು."

"ಅವನು ಹೇಳ್ತಾನೆ. ಯಾವತ್ತು ಮನೆ ಕಡೆ ನೋಡ್ದ ಅವನು? ಕೈಗೆ ಬಂದ ರೈಲ್ವೆ ಕೆಲಸ ಒದ್ದು ಬಂದ. ಆಮೇಲೆ ಜೀವಮಾನ ಪೂರ್ತಿ ಆಟದ ರೈಲು ಬಿಟ್ಕೊಂಡು ಕೂತ. ನಮ್ಮಪ್ಪ ಅದೇ ಕೊರಗಲ್ಲಿ ಹೋಯ್ತು." ಮುನಿಶಾಮಪ್ಪ ಫೋನನ್ನು ಜೇಬಿಗೆ ಹಾಕಿದರು. "ಅಪ್ಪ ಅಮ್ಮನ ಪಕ್ಕ ಎರಡು ಜಾಗ ಬಿಟ್ಟಿದೀನಿ ಕಣೋ. ನಂಗೊಂದು, ಅವನಿಗೊಂದು."

ನವೀನ್ ತಾಯಿಯ ಕಡೆ ನೋಡಿದ. ಮುನಿಲಕ್ಷ್ಮಮ್ಮ ಗಾಜಿನ ಮುಚ್ಚಳದ ಮೇಲೆ ಕೂತ ತೇವವನ್ನು ಸೆರಗಿನಿಂದ ಒರೆಸುತ್ತಿದ್ದರು.

"ಮುತ್ತು ಬರ್ಲಿ," ಎಂದರಷ್ಟೇ.

*

ನವೀನನನ್ನು ತವರಿನಲ್ಲಿ ಬಿಟ್ಟು ಗಂಡ ಹೆಂಡತಿ ಇಬ್ಬರೇ ಹೋದದ್ದು ಒಂದೇ ಪ್ರವಾಸ. ಕಲ್ಕತ್ತಾಗೆ. ಕಾಳಿಯ ದರ್ಶನಕ್ಕೆಂದು ಮುನಿಲಕ್ಷ್ಮಮ್ಮ ಓಣಿಗೆಲ್ಲ ಹೇಳಿಕೊಂಡು ಹೊರಟಿದ್ದರು. ಎರಡು ರಾತ್ರಿ ರೈಲಿನಲ್ಲಿ ಕೂತು ಹೌರಾದಲ್ಲಿ ಇಳಿದರೆ, ಅಪ್ಪಯ್ಯಣ್ಣ ಮೊದಲು ಹತ್ತಿಸಿದ್ದು ಟ್ರಾಮು.

ಆ ಕೊನೆಯಿಂದ ಈ ಕೊನೆಗೆ. ಇಳಿದು, ಟೀ ಕುಡಿದು, ಮತ್ತೆ ಇನ್ನೊಂದು ಟ್ರಾಮು. ಮಧ್ಯಾಹ್ನದವರೆಗೂ ಹೀಗೇ ನಡೆದಾಗ ಮುನಿಲಕ್ಷ್ಮಮ್ಮ ಮುಖ ತಿರುಗಿಸಿ ಕುಳಿತರು. "ದೇವರು ನೋಡೋಕೆ ಬಂದೋರು ನಾವು."

"ನಾಳೆ ಹೋಗಣ. ಇದೊಂದು ರೂಟು ಉಳಿದಿದೆ."

ಕಿರಿದಾದ ಒಂದು ಬೀದಿಯಲ್ಲಿ ಹಳಿಯ ಮೇಲೆ ತಳ್ಳುಗಾಡಿಯೊಂದು ಅಡ್ಡ ನಿಂತಿತ್ತು. ಗಾಡಿಯವನು ನಿಧಾನವಾಗಿ ಗಿರಾಕಿಗೆ ಸೀಬೆ ಹಣ್ಣು ಹೆಚ್ಚಿ ಉಪ್ಪು ಖಾರ ಹಾಕಿಕೊಡುತ್ತಿದ್ದ. ಟ್ರಾಮಿನ ಡ್ರೈವರು ಕಾಲಲ್ಲಿ ಗಂಟೆ ಒತ್ತಿದ, ಕಾದ, ಮತ್ತೆ ಒತ್ತಿದ. ಯಾರಿಗೂ ಸಿಟ್ಟಿರಲಿಲ್ಲ. ಅಪ್ಪಯ್ಯಣ್ಣ ಕಿಟಕಿಯಿಂದ ಅರ್ಧ ಹೊರಗೆ ಬಾಗಿದ್ದರು. ನಲವತ್ತು ದಾಟಿದ ಗಂಡಸಿನ ಮುಖ ಹಾಗೆ ಅರಳುವುದನ್ನು ಆಕೆ ನೋಡಿರಲಿಲ್ಲ.

"ಲಕ್ಷ್ಮೀ, ಆ ಎದುರು ಬರ್ತಿರೋ ಟ್ರಾಮು ಯಾವ ಬಣ್ಣ?"

ಆಕೆಯ ಮುನಿಸು ಅಲ್ಲಿಗೆ ಮುಗಿಯಿತು. "ಕೆಳಗೆ ನೀಲಿ. ಮೇಲೆ ಕೆನೆ ಬಣ್ಣ. ಅದರ ಹಿಂದಿಂದು ಹಸಿರು, ನಮ್ಮ ಹೀರೇಕಾಯಿ ಇರ್ತದಲ್ಲ, ಹಂಗೆ. ಬಾಗಿಲ ಹತ್ರ ನಿಂತಿರೋಳ ಸೀರೆ ಕೆಂಪು, ಅಂಚು ಅರಿಶಿನ. ಆ ಮನೆ ಕಿಟಕಿಗಳೆಲ್ಲ ಹಸಿರು..."

ಕೊನೆಯ ಸ್ಟಾಪು ಬರುವವರೆಗೂ ಆಕೆ ಹೇಳುತ್ತಲೇ ಹೋದರು. ಸುತ್ತ ಕೂತ ಬಂಗಾಳಿಗಳಿಗೆ ಒಂದಕ್ಷರ ಅರ್ಥವಾಗಲಿಲ್ಲ. ಅಪ್ಪಯ್ಯಣ್ಣ ಕಣ್ಣು ಕಿರಿದಾಗಿಸಿ, ಹೇಳಿದ್ದನ್ನೆಲ್ಲ ಅದರದರ ಜಾಗದಲ್ಲಿ ತುಂಬಿಕೊಳ್ಳುತ್ತಿದ್ದರು.

ಕಾಳಿಯ ಗುಡಿಗೆ ಹೋಗಲಾಗಲಿಲ್ಲ. ಮರುದಿನ ಆಕೆಯೇ ಕೇಳಿದರು, "ಇನ್ಯಾವ ರೂಟು ಉಳಿದಿದೆ?"

*

ಮುತ್ತಮ್ಮ ಹಿಂದೂಪುರದ ಮೆಮು ರೈಲಿಗೆ ಬಂದಿಳಿದು, ಆಟೋದಿಂದ ಇಳಿಯುವಾಗಲೇ "ಚಿನ್ನಣ್ಣಾ" ಎಂದು ಎದೆ ಬಡಿದುಕೊಂಡರು. ಚಿಕ್ಕಣ್ಣನನ್ನು ಆಕೆ ತೆಲುಗಿನವರ ಹಾಗೆ ಕರೆಯುವುದು ರೂಢಿ. ಗಾಜಿನ ಮೇಲೆ ಕೆನ್ನೆಯಿಟ್ಟು ಬಹಳ ಹೊತ್ತು ಅತ್ತು, ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಮುನಿಶಾಮಪ್ಪ ಎದ್ದು ನಿಂತರು.

"ಬಾಯಿಗೆ ಅಕ್ಕಿ ಹಾಕೋರೆಲ್ಲ ಹಾಕ್ಬಿಡಿ. ಟೆಂಪೋ ಬಂದಿದೆ."

"ಭಾವ," ಎಂದರು ಮುನಿಲಕ್ಷ್ಮಮ್ಮ. "ಅವರು ಇಲ್ಲೇ ಇರ್ಲಿ."

"ನೋಡಮ್ಮ, ನಾನು ಹಠಕ್ಕೆ ಹೇಳ್ತಿಲ್ಲ. ಅಪ್ಪ ಸಾಯೋ ಹಿಂದಿನ ದಿನ, ಅಪ್ಪಯ್ಯನ್ನ ಕರೆಸು ಅಂತು. ಒಂಬತ್ತು ವರ್ಷ ಆದ್ಮೇಲೆ ಬಾಯಲ್ಲಿ ಅವನ ಹೆಸರು ಬಂತು. ನಾನು ಹೇಳಿ ಕಳ್ಸೋ ಹೊತ್ಗೆ ಉಸಿರು ನಿಂತಿತ್ತು. ಒಂದು ಮಾತು ಆಡ್ದೆ ಹೋದ್ರು ಇಬ್ರೂ. ಮಣ್ಣಲ್ಲಾದ್ರೂ ಪಕ್ಕ ಪಕ್ಕ ಇರ್ಲಿ. ಅವನು ಕೆಲಸ ಬಿಟ್ಟು ಬಂದಿದ್ದನ್ನ ಅಲ್ಲಾದ್ರೂ ಅಪ್ಪ ಕ್ಷಮಿಸ್ಲಿ."

ಮುನಿಲಕ್ಷ್ಮಮ್ಮ ಗಂಡನ ಮುಖ ನೋಡಿದರು. ಆಮೇಲೆ ಮುತ್ತಮ್ಮನನ್ನು. ನಲವತ್ತನಾಲ್ಕು ವರ್ಷ ತುಟಿಯ ಹಿಂದೆ ಇದ್ದ ಮಾತು ಸುಲಭಕ್ಕೆ ಹೊರಡಲಿಲ್ಲ.

"ಕ್ಷಮಿಸೋ ತಪ್ಪು ಅವರು ಮಾಡಿರ್ಲಿಲ್ಲ ಭಾವ. ಕೆಲಸ ಅವರು ಬಿಡ್ಲಿಲ್ಲ. ಮೆಡಿಕಲ್‌ನಲ್ಲಿ ಬೇಡ ಅಂದ್ರು. ಅವರ ಕಣ್ಣಿಗೆ ಕೆಂಪು ಹಸಿರು ಬೇರೆ ಬೇರೆ ಕಾಣ್ತಿರ್ಲಿಲ್ಲ."

ಫ್ರೀಜರಿನ ಮೋಟರು ಗುಂಯ್‌ಗುಡುತ್ತಿತ್ತು.

"ಬೆಳಿಗ್ಗೆ ಕೇಳಿದ್ರಲ್ಲ, ಗಂಟು ಯಾಕೆ ಅಂತ. ಒಂದು ಗಂಟು ಕೆಂಪು, ಎರಡು ಗಂಟು ಹಸಿರು. ಮುಟ್ಟಿ ತಿಳ್ಕೊಳ್ಳೋರು. ಮೇಜಿನ ಮೇಲೆ ಇರೋ ಬಣ್ಣ ಅಷ್ಟೂ ನಾನು ಬಳಿದಿದ್ದು." ಅವರು ಮುತ್ತಮ್ಮನ ಮೊಣಕಾಲ ಮೇಲೆ ಕೈಯಿಟ್ಟರು. "ನಿನ್ನ ನೋಡೋಕೆ ಬಂದಿದ್ರಂತೆ ಆ ವಾರ. ವಂಶದಲ್ಲಿ ದೋಷ ಅಂದ್ರೆ ಸಂಬಂಧ ಮುರೀತದೆ ಅಂತ, ಬೈಸ್ಕೊಂಡು ಸುಮ್ಮನಾದ್ರು. ನಿಂಗೆ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ. ಇವತ್ತು ಮುರಿದೆ."

ಮುತ್ತಮ್ಮ ಅತ್ತಿಗೆಯ ಆ ಕೈಯನ್ನು ಹಿಡಿದುಕೊಂಡರು.

"ನನ್ನ ದೊಡ್ಡ ಮಗನಿಗೂ ಅದೇ ಅಕ್ಕಾ. ಲಾರಿ ಲೈಸೆನ್ಸಿಗೆ ಹೋದಾಗ ಗೊತ್ತಾಯ್ತು. ಅವರಪ್ಪ ನಕ್ಕು, ಅಂಗಡಿ ಇಟ್ಕೋ ಹೋಗೋ ಅಂದ್ರು. ಟೊಮೇಟೊ ಕೀಳೋಕೆ ಮಾತ್ರ ಅವನ್ನ ಕಳ್ಸಲ್ಲ ನಾವು." ಆಕೆ ಸುತ್ತ ಕುಳಿತವರನ್ನೆಲ್ಲ ನೋಡಿದರು. "ಅಷ್ಟೇ ಆಗಿದ್ದು ನಮ್ಮನೇಲಿ. ಅಷ್ಟೇ."

ನವೀನ್ ಗೋಡೆಗೊರಗಿ ನಿಂತಿದ್ದ. "ನಾನು ಚಿಕ್ಕೋನಿದ್ದಾಗ ಅಂಗಡಿಗೆ ಕರ್ಕೊಂಡು ಹೋಗಿ, ಇದು ಯಾವ ಬಣ್ಣ ಹೇಳು, ಅದು ಯಾವ ಬಣ್ಣ ಹೇಳು ಅಂತ ಕೇಳೋರು," ಎಂದ. "ನಂಗೆ ಕಲಿಸ್ತಾ ಅವರೆ ಅನ್ಕೊಂಡಿದ್ದೆ."

ಮುನಿಶಾಮಪ್ಪ ಹೊರಗೆ ನಡೆದರು. ಗೋಡೆಗೆ ಆನಿಸಿಟ್ಟಿದ್ದ ಒಂಬತ್ತು ತುಂಡುಗಳ ಮುಂದೆ, ಬಿಸಿಲಿನಲ್ಲಿ, ಕುಕ್ಕರಗಾಲಲ್ಲಿ ಕುಳಿತರು. ಅಂಗಡಿ ಸಾಲಿನ ಬಣ್ಣದ ಬಾಗಿಲುಗಳನ್ನು ಒಂದೊಂದಾಗಿ ನೋಡಿದರು. ಎಷ್ಟೋ ಹೊತ್ತಿನ ಮೇಲೆ ಜೇಬಿನಿಂದ ಫೋನು ತೆಗೆದರು.

"ಹಲೋ... ತೋಡಿದ್ದು ಸಾಕು. ಇಲ್ಲ, ಇಲ್ಲೇ ಮಾಡ್ತೀವಿ... ಅದನ್ನ ಬರಿದೇ ಮುಚ್ಬೇಡ್ರೋ. ಒಂದು ತೆಂಗಿನ ಸಸಿ ಇಟ್ಟು ಮುಚ್ಚಿ." ಫೋನನ್ನು ಇನ್ನೊಂದು ಕಿವಿಗೆ ಹಿಡಿದು, "ಅಪ್ಪನ ಸಮಾಧಿ ಹತ್ರ ಒಂದು ಊದುಬತ್ತಿ ಹಚ್ಚು. ಸಾಯಂಕಾಲ ನಾನೇ ಬಂದು ಹೇಳ್ತೀನಿ."

*

ರುದ್ರಭೂಮಿಗೂ ಹಳಿಗೂ ನಡುವೆ ಲಾಂಟಾನದ ಒಂದು ಬೇಲಿ, ಅಷ್ಟೇ. ನಾಲ್ಕು ಗಂಟೆಯ ಬಿಸಿಲು ಜಲ್ಲಿಯ ಮೇಲೆ ಹೊಳೆಯುತ್ತಿತ್ತು. ತಮಟೆ ನಿಂತಿತು. ದೇಹವನ್ನು ಇಳಿಸಿದರು. ನವೀನ್ ಮೊದಲು ಮೂರು ಹಿಡಿ ಮಣ್ಣು ಹಾಕಿ ಹಿಂದೆ ಸರಿದ. ಮುತ್ತಮ್ಮ ಹಾಕಿದರು. ಪಿಳ್ಳಣ್ಣ ಹಾಕಿದರು. ಮುನಿಲಕ್ಷ್ಮಮ್ಮ ತಮ್ಮ ಪಾಲಿನ ಮಣ್ಣಿನಲ್ಲಿದ್ದ ಕಲ್ಲುಗಳನ್ನು ಆರಿಸಿ ತೆಗೆದು, ಪುಡಿ ಮಣ್ಣನ್ನು ಮೆಲ್ಲಗೆ ಬಿಟ್ಟರು.

ಮುನಿಶಾಮಪ್ಪ ಕೊನೆಯಲ್ಲಿ ಬಂದರು. ಎರಡು ಹಿಡಿ ಹಾಕಿ ಮೂರನೆಯದಕ್ಕೆ ಬಾಗಿದಾಗ ದೊಡ್ಡಬಳ್ಳಾಪುರದ ಕಡೆಯಿಂದ ಗೂಡ್ಸ್ ಬಂತು. ಇಂಜಿನ್ನು ಉದ್ದಕ್ಕೆ ಕೂಗಿತು. ನೆಲ ಅದುರಿ, ಗುಂಡಿಯ ಅಂಚಿನಿಂದ ಸಣ್ಣ ಹೆಂಟೆಗಳು ತಾವಾಗಿಯೇ ಉರುಳಿದವು. ಪೂಜಾರಿ ಏನೋ ಹೇಳುತ್ತಿದ್ದುದು ಕೇಳದೆ ಹೋಯಿತು. ಎಲ್ಲರೂ ಇದ್ದಲ್ಲೇ ನಿಂತರು.

ವ್ಯಾಗನ್ನಿನ ಹಿಂದೆ ವ್ಯಾಗನ್ನು. ಮುಗಿಯುವ ಹಾಗೆ ಕಾಣಲಿಲ್ಲ. ಮುನಿಶಾಮಪ್ಪ ಮಣ್ಣು ತುಂಬಿದ ಮುಷ್ಟಿಯನ್ನು ಎದೆಗೆ ಒತ್ತಿಕೊಂಡು, ಬೇಲಿಯ ಮೇಲಿಂದ ಆ ಕಡೆಗೇ ನೋಡುತ್ತ ನಿಂತಿದ್ದರು. ಅವರ ತುಟಿಗಳು ಅಲುಗುತ್ತಿದ್ದವು. ಮಂತ್ರವೆಂದುಕೊಂಡು ನವೀನ್ ಹತ್ತಿರ ಹೋದ.

ಕೊನೆಯ ವ್ಯಾಗನ್ನು ದಾಟಿತು. ಸದ್ದು ರಾಜಾನುಕುಂಟೆಯ ಕಡೆಗೆ ಸರಿದು ಸಣ್ಣದಾಯಿತು.

"ಐವತ್ತೆಂಟು ವ್ಯಾಗನ್ನು ಕಣೋ," ಎಂದರು ಮುನಿಶಾಮಪ್ಪ, ಗುಂಡಿಯೊಳಕ್ಕೆ ಬಾಗಿ, ತಮ್ಮನಿಗೆ ಕೇಳುವಷ್ಟು ದನಿಯಲ್ಲಿ. ಆಮೇಲೆ ಮುಷ್ಟಿ ಬಿಚ್ಚಿದರು.